450 ಡಿಗ್ರಿಯಲ್ಲಿ ರೋಲ್ ಮಾಡಿದರೂ ಕಣಗಳು ಬೇರೆ ಬೇರೆ ಏಕೆ? ಅಲ್ಯೂಮಿನಿಯಂ ಮಿಶ್ರಲೋಹದ ಹಾಟ್ ರೋಲಿಂಗ್‌ಗೆ ಒಂದು ಮಾರ್ಗದರ್ಶಿ

ಲೋಹಶಾಸ್ತ್ರದ ವಿದ್ಯಾರ್ಥಿಗಳಿಂದಲೂ ಸಣ್ಣ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿಂದಲೂ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. ಒಂದೇ ಎರಕದಿಂದ ಕತ್ತರಿಸಿದ ಎರಡು ತುಂಡುಗಳನ್ನು 450 ಡಿಗ್ರಿ ಸೆಲ್ಸಿಯಸ್‌ನ ಒಂದೇ ಕುಲುಮೆಯಿಂದ ತೆಗೆದು, ತಿರುಗುವ ಎರಡು ರೋಲುಗಳ ನಡುವೆ ಒತ್ತಿ ಒಂದೇ ದಪ್ಪಕ್ಕೆ ತೆಳುಗೊಳಿಸಿದ್ದಾರೆ, ಅಂದರೆ ಹಾಟ್ ರೋಲಿಂಗ್ ಮಾಡಿದ್ದಾರೆ. ಆದರೂ ಸೂಕ್ಷ್ಮದರ್ಶಕದಲ್ಲಿ ಒಂದು ತುಂಡು ನಾರಿನಂತೆ ಉದ್ದುದ್ದ ಎಳೆದ ಕಣಗಳನ್ನು (ಲೋಹದ ಹರಳುಗಳನ್ನು) ತೋರಿಸುತ್ತದೆ, ಇನ್ನೊಂದು ದುಂಡಗಿನ ಹೊಸ ಕಣಗಳನ್ನು ತೋರಿಸುತ್ತದೆ. ಹಾಗಾದರೆ ತಪ್ಪಿದ್ದೆಲ್ಲಿ?

ತಪ್ಪು ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ. 450 ಡಿಗ್ರಿ ಎಂಬುದು ಕುಲುಮೆಯ ಉಷ್ಣತೆ. ರೋಲುಗಳ ನಡುವೆ ಲೋಹ ಎಷ್ಟು ಬಿಸಿಯಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಯೂಮಿನಿಯಂನಲ್ಲಿ ಹೊಸ ಕಣಗಳು ಹೆಚ್ಚಾಗಿ ಹುಟ್ಟುವುದು ರೋಲುಗಳ ಒಳಗಲ್ಲ, ರೋಲುಗಳಿಂದ ಹೊರಬಿದ್ದ ಮೇಲಿನ ಸೆಕೆಂಡುಗಳಲ್ಲಿ ಮತ್ತು ನಿಮಿಷಗಳಲ್ಲಿ. ಆ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರಯೋಗದ ಫಲಿತಾಂಶವನ್ನು ಮತ್ತೊಬ್ಬರು ಪುನರಾವರ್ತಿಸಲಾರರು. ಈ ಲೇಖನದ ಎಲ್ಲ ಹಂತಗಳೂ ಈ ಎರಡು ಸಂಗತಿಗಳ ಸುತ್ತಲೇ ಸಾಗುತ್ತವೆ. ಉದಾಹರಣೆಗೆ 5083 ಎಂಬ ಮಿಶ್ರಲೋಹವನ್ನು ತೆಗೆದುಕೊಂಡಿದ್ದೇನೆ. ಹಡಗುಗಳ ಹೊರಮೈಗೆ ಮತ್ತು ಟ್ಯಾಂಕರುಗಳಿಗೆ ಬಳಕೆಯಾಗುವ ಇದರಲ್ಲಿ ಶೇಕಡಾ 4ರಿಂದ 4.9ರಷ್ಟು ಮೆಗ್ನೀಸಿಯಂ, 0.4ರಿಂದ 1ರಷ್ಟು ಮ್ಯಾಂಗನೀಸ್ ಮತ್ತು ಅಲ್ಪ ಪ್ರಮಾಣದ ಕ್ರೋಮಿಯಂ ಇರುತ್ತವೆ.

ಮೊದಲು ತಿಳಿದಿರಬೇಕಾದ ಪದಗಳು

ಲೋಹವೆಂದರೆ ಒಂದಕ್ಕೊಂದು ಅಂಟಿಕೊಂಡ ಅಸಂಖ್ಯ ಹರಳುಗಳ ರಾಶಿ. ಕಾರ್ಖಾನೆಯವರು ಗ್ರೇನ್ ಎಂದು ಕರೆಯುವ ಆ ಒಂದೊಂದು ಹರಳನ್ನು ಇಲ್ಲಿ ಕಣ ಎಂದು ಕರೆದಿದ್ದೇನೆ. ರೋಲಿಂಗ್‌ನಲ್ಲಿ ಕಣ ಚಪ್ಪಟೆಯಾಗುವಾಗ ಅದರೊಳಗೆ ಡಿಸ್ಲೊಕೇಶನ್‌ಗಳು, ಅಂದರೆ ಪರಮಾಣುಗಳ ಸಾಲಿನಲ್ಲಿ ಉಂಟಾಗುವ ರೇಖೆಯಂಥ ದೋಷಗಳು, ಹೆಚ್ಚುತ್ತ ಹೋಗುತ್ತವೆ. ಈ ದೋಷಗಳೇ ಲೋಹದಲ್ಲಿ ಕೂಡಿಟ್ಟ ಶಕ್ತಿ.

ಅಲ್ಯೂಮಿನಿಯಂ ಬಿಸಿಯಿರುವಾಗ ಈ ದೋಷಗಳು ಸುಲಭವಾಗಿ ಚಲಿಸಿ, ಕೆಲವು ಒಂದನ್ನೊಂದು ಅಳಿಸಿಹಾಕುತ್ತವೆ, ಉಳಿದವು ಸಾಲುಗಟ್ಟಿ ತೆಳುಗೋಡೆಗಳಾಗುತ್ತವೆ. ಇದಕ್ಕೆ ಚೇತರಿಕೆ ಎಂದು ಹೆಸರು. ಹೀಗೆ ಗೋಡೆಗಳ ನಡುವೆ ರೂಪುಗೊಳ್ಳುವ, ದಿಕ್ಕಿನಲ್ಲಿ ಒಂದೆರಡು ಡಿಗ್ರಿಗಳಷ್ಟೇ ವ್ಯತ್ಯಾಸವಿರುವ ಚಿಕ್ಕ ಕೋಣೆಗಳನ್ನು ಉಪಕಣಗಳೆನ್ನುತ್ತಾರೆ. ತಾಮ್ರ ಮತ್ತು ಆಸ್ಟೆನೈಟ್ ಸ್ಥಿತಿಯ (ಚೆನ್ನಾಗಿ ಕಾದಾಗ ಉಕ್ಕು ತಳೆಯುವ ಹರಳಿನ ರಚನೆಯ) ಉಕ್ಕಿನಲ್ಲಿ ಚೇತರಿಕೆ ನಿಧಾನವಾದ್ದರಿಂದ ದೋಷಗಳು ಮಿತಿಮೀರಿ ಸೇರಿ, ರೋಲ್ ಆಗುತ್ತಿರುವಾಗಲೇ ಹೊಸ ಕಣಗಳು ಹುಟ್ಟಬಲ್ಲವು. ಅಲ್ಯೂಮಿನಿಯಂನಲ್ಲಿ ಚೇತರಿಕೆ ಎಷ್ಟು ಚುರುಕೆಂದರೆ, ಸಾಮಾನ್ಯವಾಗಿ ಆ ಹಂತವೇ ಬರುವುದಿಲ್ಲ. ದೋಷವಿಲ್ಲದ ಹೊಸ ಕಣಗಳು ಹುಟ್ಟಿ ಹಳೆಯವನ್ನು ನುಂಗಿಹಾಕುವ ಕ್ರಿಯೆಗೆ ಪುನಃಸ್ಫಟಿಕೀಕರಣ ಎಂದು ಹೆಸರು. ಅದು ಇಲ್ಲಿ ನಡೆಯುವುದು ಪಾಸುಗಳ ನಡುವೆ (ಲೋಹ ಒಮ್ಮೆ ರೋಲುಗಳ ನಡುವೆ ಹಾದುಹೋಗುವುದೇ ಒಂದು ಪಾಸು), ಸುತ್ತಿಟ್ಟ ಹಾಳೆಯ ಸುರುಳಿ ತಣಿಯುವಾಗ ಅಥವಾ ರೋಲಿಂಗ್ ಮುಗಿದ ಲೋಹವನ್ನು ಮತ್ತೆ ಕಾಯಿಸಿ ಮೃದುಗೊಳಿಸುವ ಅನೀಲಿಂಗ್ ಕುಲುಮೆಯಲ್ಲಿ.

ಬೇಕಾಗುವ ಸಾಮಗ್ರಿ

ಎರಡು ರೋಲುಗಳ ಪ್ರಯೋಗಾಲಯ ಮಿಲ್, ಉಷ್ಣತೆಯನ್ನು ಸಮನಾಗಿ ಕಾಯ್ದುಕೊಳ್ಳುವ ಕುಲುಮೆ, 1.5 ಮಿ.ಮೀ. ದಪ್ಪದ ಕವಚವಿರುವ, ಉಷ್ಣತೆ ಅಳೆಯುವ ಕೆ-ಮಾದರಿಯ ಥರ್ಮೋಕಪಲ್‌ಗಳು, ಅವುಗಳ ಅಳತೆಯನ್ನು ಸೆಕೆಂಡಿಗೆ ಕನಿಷ್ಠ ಹತ್ತು ಬಾರಿ ದಾಖಲಿಸುವ ಉಪಕರಣ, ಮಿಲ್ಲಿನ ಹೊರಬದಿಯಲ್ಲೇ ಇಟ್ಟ ದೊಡ್ಡ ನೀರಿನ ತೊಟ್ಟಿ, ಉದ್ದ ಇಕ್ಕಳ, ಮತ್ತು ಪಾಲಿಷ್ ಹಾಗೂ ಸೂಕ್ಷ್ಮದರ್ಶಕದ ವ್ಯವಸ್ಥೆ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಬೇಕು. ಅಲ್ಯೂಮಿನಿಯಂ 500 ಡಿಗ್ರಿಯಲ್ಲೂ ಕೆಂಪಾಗುವುದಿಲ್ಲ. ಕಾದ ತುಂಡಿಗೂ ತಣ್ಣನೆಯ ತುಂಡಿಗೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದ್ದರಿಂದ ರೋಲಿಂಗ್ ನಡೆಯುವ ಮೇಜಿನ ಮೇಲಿರುವ ಪ್ರತಿಯೊಂದು ತುಂಡನ್ನೂ ಬಿಸಿಯೆಂದೇ ಭಾವಿಸಿ. ಎರಡನೆಯದಾಗಿ, ತುಂಡನ್ನು ರೋಲುಗಳಿಗೆ ಕೊಡುವಾಗ ಕೈಯಿಂದ ತಳ್ಳದೆ ಇಕ್ಕಳವನ್ನೇ ಬಳಸಿ. ಸಡಿಲವಾದ ಕೈಗವಸು ರೋಲಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಹಂತ 1: ಎರಕವನ್ನು ಸಮರೂಪಗೊಳಿಸಿ

ಎರಕ ಗಟ್ಟಿಯಾಗುವಾಗ ಮೆಗ್ನೀಸಿಯಂ ಎಲ್ಲೆಡೆ ಸಮನಾಗಿ ಹಂಚಿಕೆಯಾಗದೆ, ಕೊನೆಗೆ ಹೆಪ್ಪುಗಟ್ಟುವ ಜಾಗಗಳಲ್ಲಿ ಒತ್ತಾಗಿ ಸೇರಿಕೊಳ್ಳುತ್ತದೆ. ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಜೊತೆಗೂಡಿದ ಅಂಥ ಜಾಗಗಳು ಸುಮಾರು 450 ಡಿಗ್ರಿಯಲ್ಲೇ ಕರಗತೊಡಗುತ್ತವೆ. ಎರಕವನ್ನು ನೇರವಾಗಿ 520 ಡಿಗ್ರಿಯ ಕುಲುಮೆಗೆ ತಳ್ಳಿದರೆ ಕಣಗಳ ಅಂಚುಗಳು ಒಳಗೊಳಗೇ ಕರಗಿ, ಮೊದಲ ಪಾಸಿನಲ್ಲಿಯೇ ತುಂಡು ಬಿರಿಯುತ್ತದೆ. ಹಾಗಾಗಿ ನಿಧಾನವಾಗಿ ಕಾಯಿಸಿ. 430 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ನಿಲ್ಲಿಸಿ ಮೆಗ್ನೀಸಿಯಂ ಹರಡಿಕೊಳ್ಳಲು ಬಿಟ್ಟು, ಅನಂತರ 500ರಿಂದ 530 ಡಿಗ್ರಿಗೆ ಏರಿಸಿ.

ಈ ಹಂತಕ್ಕೆ ಇನ್ನೊಂದು ಉದ್ದೇಶವೂ ಇದೆ, ಅನೇಕರು ಅದನ್ನು ಮರೆಯುತ್ತಾರೆ. ಕಾಯಿಸುವಾಗ ಮ್ಯಾಂಗನೀಸ್ ಮತ್ತು ಕ್ರೋಮಿಯಂ, ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ) ಬಹಳ ಚಿಕ್ಕದಾದ ಕಣಿಕೆಗಳಾಗಿ ಪ್ರತ್ಯೇಕಗೊಳ್ಳುತ್ತವೆ. ಇವುಗಳಿಗೆ ಡಿಸ್ಪರ್ಸಾಯ್ಡ್ ಎಂದು ಹೆಸರು. ಮೊಳೆಗಳಂತೆ ಇವು ಕಣಗಳ ಗಡಿಯನ್ನು ಹಿಡಿದು ನಿಲ್ಲಿಸುತ್ತವೆ. ಉಷ್ಣತೆ ಅಥವಾ ಸಮಯ ಹೆಚ್ಚಾದಷ್ಟೂ ಡಿಸ್ಪರ್ಸಾಯ್ಡ್‌ಗಳು ಸಂಖ್ಯೆಯಲ್ಲಿ ಕಡಿಮೆಯಾಗಿ ಗಾತ್ರದಲ್ಲಿ ದೊಡ್ಡದಾಗುತ್ತವೆ, ಹಿಡಿತ ಸಡಿಲವಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಎರಕದಿಂದಲೇ ಬಂದ, ಒಂದು ಮೈಕ್ರಾನಿಗಿಂತ ದೊಡ್ಡದಾದ ಕಬ್ಬಿಣಯುಕ್ತ ಗಟ್ಟಿ ಕಣಿಕೆಗಳ ಸುತ್ತ ರೋಲಿಂಗ್‌ನಲ್ಲಿ ಲೋಹ ವಿಪರೀತವಾಗಿ ತಿರುಚಿಕೊಳ್ಳುವುದರಿಂದ, ಹೊಸ ಕಣಗಳು ಅಲ್ಲಿಂದಲೇ ಮೊಳೆಯುತ್ತವೆ. ಚಿಕ್ಕ ಕಣಿಕೆ ತಡೆಯುತ್ತದೆ, ದೊಡ್ಡ ಕಣಿಕೆ ಪ್ರಚೋದಿಸುತ್ತದೆ. ನಿಮ್ಮ ಎರಡು ತುಂಡುಗಳು ಬೇರೆ ಬೇರೆ ದಿನ ಸಮರೂಪಗೊಂಡಿದ್ದರೆ, ರೋಲಿಂಗ್ ಒಂದೇ ರೀತಿ ನಡೆದರೂ ಫಲಿತಾಂಶ ಬೇರೆಯಾಗಬಹುದು.

ಹಂತ 2: ಒಂದು ಪಾಸಿನ ವಿರೂಪ ಮತ್ತು ವಿರೂಪ ದರವನ್ನು ಲೆಕ್ಕ ಹಾಕಿ

ಮಿಲ್ಲಿನ ಬಳಿ ಹೋಗುವ ಮುನ್ನವೇ ಕಾಗದದ ಮೇಲೆ ಈ ಲೆಕ್ಕ ಮುಗಿದಿರಬೇಕು. ರೋಲಿನ ವ್ಯಾಸ 200 ಮಿ.ಮೀ., ವೇಗ ನಿಮಿಷಕ್ಕೆ 30 ಸುತ್ತು ಎಂದಿಟ್ಟುಕೊಳ್ಳಿ. ಆಗ ರೋಲಿನ ಮೇಲ್ಮೈ ಸೆಕೆಂಡಿಗೆ ಸುಮಾರು 314 ಮಿ.ಮೀ. ಚಲಿಸುತ್ತದೆ. 30 ಮಿ.ಮೀ. ದಪ್ಪದ ತುಂಡನ್ನು ಒಂದೇ ಪಾಸಿನಲ್ಲಿ 24 ಮಿ.ಮೀ.ಗೆ ಇಳಿಸುತ್ತೀರಿ ಎಂದುಕೊಳ್ಳೋಣ.

ಲೋಹ ಮತ್ತು ರೋಲಿನ ನಡುವಿನ ಸಂಪರ್ಕದ ಉದ್ದವು, ರೋಲಿನ ತ್ರಿಜ್ಯ 100ನ್ನು ದಪ್ಪದ ಇಳಿಕೆ 6ರಿಂದ ಗುಣಿಸಿದ ಮೊತ್ತದ ವರ್ಗಮೂಲ, ಅಂದರೆ 24.5 ಮಿ.ಮೀ. ಅಷ್ಟು ದೂರ ಸಾಗಲು ಬೇಕಾದ ಸಮಯ 0.078 ಸೆಕೆಂಡು. ವಿರೂಪವೆಂದರೆ ಮೊದಲಿನ ದಪ್ಪವನ್ನು ನಂತರದ ದಪ್ಪದಿಂದ ಭಾಗಿಸಿ ಪಡೆದ ಸಂಖ್ಯೆಯ ಸಹಜ ಲಾಗರಿತಮ್. ಇಲ್ಲಿ ಅದು 0.223. ತುಂಡು ಅಗಲದಲ್ಲಿ ಹಿಗ್ಗುವುದಿಲ್ಲವೆಂದು ಭಾವಿಸಿ 1.155ರಿಂದ ಗುಣಿಸಿದರೆ ಸಮಾನ ವಿರೂಪ, ಅಂದರೆ ಬೇರೆ ಬಗೆಯ ವಿರೂಪಗಳೊಂದಿಗೆ ಹೋಲಿಸಬಹುದಾದ ಅಳತೆ, 0.258. ಇದನ್ನು ಸಮಯದಿಂದ ಭಾಗಿಸಿದರೆ ವಿರೂಪ ದರ, ಅಂದರೆ ಲೋಹ ಎಷ್ಟು ಬೇಗ ರೂಪ ಬದಲಿಸುತ್ತಿದೆ ಎಂಬುದರ ಅಳತೆ, ಸೆಕೆಂಡಿಗೆ ಸುಮಾರು 3.3.

ಹಗುರವಾದ ಪಾಸುಗಳು ಸುರಕ್ಷಿತ ಎಂಬ ನಂಬಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಸರಾಸರಿ ದಪ್ಪವನ್ನು ಸಂಪರ್ಕದ ಉದ್ದದಿಂದ ಭಾಗಿಸಿ ನೋಡಿ. ಮೇಲಿನ ಪಾಸಿನಲ್ಲಿ ಅದು 1.1, ವಿರೂಪ ತಕ್ಕಮಟ್ಟಿಗೆ ಒಳಗಿನವರೆಗೂ ತಲುಪುತ್ತದೆ. ಅದೇ ತುಂಡಿಗೆ ಕೇವಲ 1 ಮಿ.ಮೀ. ಇಳಿಕೆ ಕೊಟ್ಟರೆ ಸಂಪರ್ಕದ ಉದ್ದ 10 ಮಿ.ಮೀ. ಮಾತ್ರ, ಅನುಪಾತ 3ರ ಹತ್ತಿರ. ಆಗ ಹೊರಪದರ ಮಾತ್ರ ಮಿದಿಯಲ್ಪಟ್ಟು ನಡುಭಾಗದಲ್ಲಿ ಎರಕದ ರಚನೆ ಹಾಗೆಯೇ ಉಳಿಯುತ್ತದೆ. ಮೇಲ್ಮೈ ಮುಂದಕ್ಕೆ ಹರಿದು ನಡುಭಾಗ ಹಿಂದುಳಿಯುವುದರಿಂದ, ತುದಿಯು ಮೊಸಳೆಯ ಬಾಯಿಯಂತೆ ಸೀಳಿಕೊಳ್ಳುವ ಅಪಾಯವೂ ಇದೆ. ಹಾಗೆಂದು ಇಳಿಕೆಯನ್ನು ಎಷ್ಟಾದರೂ ಹೆಚ್ಚಿಸಲಾಗದು. ಘರ್ಷಣಾಂಕದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದಷ್ಟು ಇಳಿಕೆಯನ್ನು ಮೀರಿದರೆ ರೋಲುಗಳು ತುಂಡನ್ನು ಕಚ್ಚಿಕೊಳ್ಳುವುದೇ ಇಲ್ಲ. ಘರ್ಷಣಾಂಕ 0.25 ಎಂದಾದರೆ ಈ ಮಿಲ್ಲಿನಲ್ಲಿ ಆ ಮಿತಿ 6.25 ಮಿ.ಮೀ.

ಹಂತ 3: ಉಷ್ಣತೆ ಮತ್ತು ವೇಗವನ್ನು ಒಂದೇ ಸಂಖ್ಯೆಗೆ ತನ್ನಿ

ಲೋಹ ತಣ್ಣಗಿದ್ದರೂ ವೇಗ ಹೆಚ್ಚಿದರೂ ಪರಿಣಾಮ ಒಂದೇ ದಿಕ್ಕಿನದು: ಚೇತರಿಕೆಗೆ ಅವಕಾಶ ಕಡಿಮೆಯಾಗಿ ಕೂಡಿಟ್ಟ ಶಕ್ತಿ ಹೆಚ್ಚುತ್ತದೆ. ಈ ಎರಡನ್ನೂ ಸೇರಿಸಿ ಒಂದೇ ಸಂಖ್ಯೆಯಾಗಿ ಹೇಳುವ ವಿಧಾನವನ್ನು ಝೀನರ್ ಮತ್ತು ಹೋಲೊಮನ್ 1944ರಲ್ಲಿ ಉಕ್ಕಿನ ಅಧ್ಯಯನದಲ್ಲಿ ಮುಂದಿಟ್ಟರು. ಆ ಸಂಖ್ಯೆಗೆ ಝೆಡ್ ಎಂದು ಹೆಸರು. ಸಕ್ರಿಯಣ ಶಕ್ತಿಯನ್ನು, ಅಂದರೆ ಪರಮಾಣುಗಳು ಜಾಗ ಬದಲಿಸಲು ದಾಟಬೇಕಾದ ತಡೆಯ ಎತ್ತರವನ್ನು, ಅನಿಲ ಸ್ಥಿರಾಂಕ 8.314 ಮತ್ತು ಕೆಲ್ವಿನ್ ಉಷ್ಣತೆ ಇವೆರಡರ ಗುಣಲಬ್ಧದಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಸಹಜ ಲಾಗರಿತಮ್‌ನ ಆಧಾರ ಸಂಖ್ಯೆಯ ಘಾತವಾಗಿ ಏರಿಸಿ, ವಿರೂಪ ದರದಿಂದ ಗುಣಿಸಿ. ಸಕ್ರಿಯಣ ಶಕ್ತಿಗೆ ಅಲ್ಯೂಮಿನಿಯಂ–ಮೆಗ್ನೀಸಿಯಂ ಮಿಶ್ರಲೋಹಗಳಲ್ಲಿ ವಾಡಿಕೆಯಾಗಿ ಬಳಸುವ ಬೆಲೆ ಪ್ರತಿ ಮೋಲ್‌ಗೆ 156 ಕಿಲೋಜೌಲ್. ಅದನ್ನು ಜೌಲ್‌ಗೆ ಬದಲಾಯಿಸಿಕೊಳ್ಳಿ, ಹಾಗೆಯೇ ಸೆಲ್ಸಿಯಸ್‌ಗೆ 273 ಸೇರಿಸುವುದನ್ನು ಮರೆಯಬೇಡಿ. ವಿದ್ಯಾರ್ಥಿಗಳ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ನಮ್ಮ ಪಾಸು 450 ಡಿಗ್ರಿಯಲ್ಲಿ ನಡೆದರೆ ಝೆಡ್ ಸುಮಾರು 61 ಸಾವಿರ ಕೋಟಿ. ಅದೇ ಪಾಸು 350 ಡಿಗ್ರಿಯಲ್ಲಿ ನಡೆದರೆ ಸುಮಾರು 40 ಲಕ್ಷ ಕೋಟಿ, ಅಂದರೆ ಸುಮಾರು 65 ಪಟ್ಟು. ಮಿಲ್ಲಿನ ವೇಗವನ್ನು ಇಮ್ಮಡಿಗೊಳಿಸಿದರೆ ಝೆಡ್ ಬರೀ ಇಮ್ಮಡಿಯಾಗುತ್ತದೆ; 450 ಡಿಗ್ರಿಯ ಸುತ್ತ ಅದು ಹೆಚ್ಚುಕಡಿಮೆ 20 ಡಿಗ್ರಿಗಳಷ್ಟು ಉಷ್ಣತೆ ಇಳಿದದ್ದಕ್ಕೆ ಸಮ. ವೇಗವನ್ನು ನಿಖರವಾಗಿ ನಿಯಂತ್ರಿಸಲು ಶ್ರಮಿಸುತ್ತ, ಕುಲುಮೆಯಿಂದ ಮಿಲ್ಲಿಗೆ ಒಯ್ಯುವಾಗ 40 ಡಿಗ್ರಿ ಕಳೆದುಕೊಳ್ಳುವವರನ್ನು ಕಂಡಾಗಲೆಲ್ಲ ಈ ಲೆಕ್ಕವನ್ನು ಮಿಲ್ಲಿನ ಪಕ್ಕದ ಗೋಡೆಗೆ ಅಂಟಿಸಬೇಕೆನಿಸುತ್ತದೆ.

ಝೆಡ್ ಹೆಚ್ಚಾದಷ್ಟೂ ಉಪಕಣಗಳು ಚಿಕ್ಕದಾಗುತ್ತವೆ. ಝೆಡ್ ಕಡಿಮೆಯಿದ್ದಾಗ ಅವು ಹತ್ತು ಮೈಕ್ರಾನಿನವರೆಗೂ ಬೆಳೆಯಬಹುದು, ಹೆಚ್ಚಿದ್ದಾಗ ಒಂದೆರಡು ಮೈಕ್ರಾನಿಗೆ ಇಳಿಯುತ್ತವೆ. ಚಿಕ್ಕ ಉಪಕಣಗಳೆಂದರೆ ಹೆಚ್ಚು ಗೋಡೆಗಳು, ಹೆಚ್ಚು ಗೋಡೆಗಳೆಂದರೆ ಹೆಚ್ಚು ಕೂಡಿಟ್ಟ ಶಕ್ತಿ. ಮುಂದೆ ಬಿಸಿಯಲ್ಲಿ ಇಟ್ಟಾಗ ಅಂಥ ಲೋಹದಲ್ಲಿ ಹೊಸ ಕಣಗಳು ಬೇಗನೆ, ಹೆಚ್ಚು ಜಾಗಗಳಲ್ಲಿ ಹುಟ್ಟಿ ಸಣ್ಣದಾಗಿಯೇ ಉಳಿಯುತ್ತವೆ.

ಆರಂಭಕ್ಕೆ ಯಾವ ಉಷ್ಣತೆ, ಯಾವ ದರ ಎಂದು ತೀರ್ಮಾನಿಸಲು ಸಂಸ್ಕರಣ ನಕ್ಷೆಗಳು ನೆರವಾಗುತ್ತವೆ. ಉಷ್ಣತೆಯನ್ನು ಒಂದು ಅಕ್ಷದಲ್ಲೂ ವಿರೂಪ ದರವನ್ನು ಇನ್ನೊಂದರಲ್ಲೂ ಇಟ್ಟು, ಲೋಹ ಎಲ್ಲಿ ಸುಗಮವಾಗಿ ಹರಿಯುತ್ತದೆ, ಎಲ್ಲಿ ಹರಿವು ಅಸ್ಥಿರವಾಗುತ್ತದೆ ಎಂದು ತೋರಿಸುವ ಈ ಪದ್ಧತಿಯನ್ನು ಬೆಳೆಸುವುದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ವಿ.ಆರ್.ಕೆ. ಪ್ರಸಾದ್ ಅವರ ಪಾತ್ರ ದೊಡ್ಡದು. ಆದರೆ ಆ ನಕ್ಷೆಗಳು ಸಾಮಾನ್ಯವಾಗಿ ಉಷ್ಣತೆ ಮತ್ತು ದರವನ್ನು ಸ್ಥಿರವಾಗಿಟ್ಟು ಮಾಡಿದ ಸಂಕೋಚನ ಪರೀಕ್ಷೆಗಳಿಂದ ಬಂದವು; ನಿಮ್ಮ ಮಿಲ್ಲಿನಲ್ಲಿ ಇವೆರಡೂ ಒಂದೇ ಪಾಸಿನೊಳಗೇ ಬದಲಾಗುತ್ತವೆ. ನಕ್ಷೆ ತೋರಿಸಿದ ಅಂಚಿನ ಬಿಂದುವನ್ನು ಆರಿಸಿಕೊಳ್ಳಬೇಡಿ, ಸುರಕ್ಷಿತ ವಲಯದ ನಡುವನ್ನು ಆರಿಸಿಕೊಳ್ಳಿ.

ಹಂತ 4: ಲೋಹದ ನಿಜವಾದ ಉಷ್ಣತೆಯನ್ನು ಅಳೆಯಿರಿ

ತುಂಡಿನ ಹಿಂತುದಿಯಲ್ಲಿ, ದಪ್ಪದ ಮಧ್ಯಕ್ಕೆ ಸರಿಯಾಗಿ, ಕನಿಷ್ಠ 25 ಮಿ.ಮೀ. ಆಳದ ರಂಧ್ರ ಕೊರೆದು ಥರ್ಮೋಕಪಲ್ ಕೂರಿಸಿ. ಹೊಳೆಯುವ ಅಲ್ಯೂಮಿನಿಯಂ ಬಹಳ ಕಡಿಮೆ ವಿಕಿರಣ ಸೂಸುವುದರಿಂದ, ದೂರದಿಂದ ಅಳೆಯುವ ಅವಗೆಂಪು ಥರ್ಮಾಮೀಟರನ್ನು ಇಲ್ಲಿ ನಂಬುವಂತಿಲ್ಲ; ಅದು ನೂರಾರು ಡಿಗ್ರಿ ಕಡಿಮೆ ತೋರಿಸಬಹುದು.

ಪಾಸಿನೊಳಗೆ ಎರಡು ಸಂಗತಿಗಳು ಒಟ್ಟಿಗೇ ನಡೆಯುತ್ತವೆ. ವಿರೂಪದ ಕೆಲಸ ಶಾಖವಾಗಿ ಬದಲಾಗುತ್ತದೆ. ಲೋಹದ ಪ್ರತಿರೋಧ 100 ಮೆಗಾಪಾಸ್ಕಲ್ ಎಂದಾದರೆ ನಮ್ಮ ಪಾಸಿನಲ್ಲಿ ಈ ಏರಿಕೆ ಸುಮಾರು 9 ಡಿಗ್ರಿ. ಅದೇ ವೇಳೆ ತಣ್ಣನೆಯ ರೋಲುಗಳು ಮೇಲ್ಮೈಯಿಂದ ಶಾಖವನ್ನು ಸೆಳೆದುಕೊಳ್ಳುತ್ತವೆ. ದಪ್ಪ ತುಂಡಿನಲ್ಲಿ ಇವೆರಡೂ ಹೆಚ್ಚುಕಡಿಮೆ ಸರಿದೂಗುತ್ತವೆ, ತುಂಡು ತೆಳುವಾದಂತೆ ನಷ್ಟವೇ ಮೇಲುಗೈ ಪಡೆಯುತ್ತದೆ. ರೋಲುಗಳನ್ನು ಮೊದಲೇ ಸುಮಾರು 100 ಡಿಗ್ರಿಗೆ ಕಾಯಿಸಿಕೊಂಡರೆ ಮೊದಲ ತುಂಡಿಗೂ ಹತ್ತನೆಯ ತುಂಡಿಗೂ ವ್ಯತ್ಯಾಸ ಕಡಿಮೆಯಾಗುತ್ತದೆ.

ರೋಲುಗಳಿಗೆ ತೆಳುವಾದ ಗ್ರಾಫೈಟ್ ಲೇಪನ ಕೊಡಿ. ಒಣ ರೋಲುಗಳಿಗೆ ಅಲ್ಯೂಮಿನಿಯಂ ಅಂಟಿಕೊಂಡು ಮೇಲ್ಮೈ ಕಿತ್ತುಬರುತ್ತದೆ, ಹೊರಪದರ ಹೆಚ್ಚು ಓರೆಯಾಗಿ ಎಳೆಯಲ್ಪಟ್ಟು ಅಲ್ಲಿನ ಕಣರಚನೆಯೇ ಬೇರೆಯಾಗುತ್ತದೆ. ಸೀಮೆಎಣ್ಣೆಯಂಥ ಬೇಗ ಹೊತ್ತಿಕೊಳ್ಳುವ ದ್ರವವನ್ನು ಯಾವ ಕಾರಣಕ್ಕೂ ಬಳಸಬೇಡಿ.

ಹಂತ 5: ಪಾಸುಗಳ ಸರಣಿ ಮತ್ತು ನಡುವಿನ ಕಾಯುವಿಕೆ

30 ಮಿ.ಮೀ.ಯಿಂದ 6 ಮಿ.ಮೀ.ಗೆ ಇಳಿಸಲು, ಪ್ರತಿ ಪಾಸಿಗೆ ಶೇಕಡಾ 20ರ ಆಸುಪಾಸಿನ ಇಳಿಕೆಯಂತೆ ಏಳು ಪಾಸುಗಳು ಬೇಕು. ಒಟ್ಟು ಸಮಾನ ವಿರೂಪ ಸುಮಾರು 1.86. ಆದರೆ ಈ ಮೊತ್ತ ನಿಜವಾಗುವುದು, ಪಾಸುಗಳ ನಡುವೆ ಪುನಃಸ್ಫಟಿಕೀಕರಣ ನಡೆಯದಿದ್ದರೆ ಮಾತ್ರ.

ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪು ಇದೇ: ಪ್ರತಿ ಪಾಸಿನ ನಂತರ ತುಂಡನ್ನು ಕುಲುಮೆಗೆ ಮರಳಿಸಿ ಹತ್ತು ನಿಮಿಷ ಕಾಯಿಸುವುದು. ಉಷ್ಣತೆಯೇನೋ ಸ್ಥಿರವಾಗಿ ಉಳಿಯುತ್ತದೆ, ಆದರೆ ಆ ಹತ್ತು ನಿಮಿಷಗಳಲ್ಲಿ ಕೂಡಿಟ್ಟ ಶಕ್ತಿ ಬಹುಪಾಲು ಕರಗಿಹೋಗಬಹುದು. ಆಗ ನೀವು ಮಾಡಿದ್ದು 80 ಶೇಕಡಾ ಇಳಿಕೆಯ ಒಂದು ರೋಲಿಂಗ್ ಅಲ್ಲ, ಶೇಕಡಾ 20ರ ಏಳು ಪ್ರತ್ಯೇಕ ರೋಲಿಂಗ್‌ಗಳು. ಕಾರ್ಖಾನೆಯಲ್ಲಿ ಹೀಗಾಗುವುದಿಲ್ಲ, ಅಲ್ಲಿ 400ರಿಂದ 600 ಮಿ.ಮೀ. ದಪ್ಪದ ದಿಮ್ಮಿಯನ್ನು ಒಮ್ಮೆ ಕಾಯಿಸಿ, ಮತ್ತೆ ಕುಲುಮೆಗೆ ಹಾಕದೆಯೇ ಕೆಲವೇ ಮಿಲಿಮೀಟರುಗಳವರೆಗೂ ಇಳಿಸುತ್ತಾರೆ. ಪ್ರಯೋಗಾಲಯದಲ್ಲಿ ಮರುಕಾಯಿಸುವುದು ಅನಿವಾರ್ಯವಾದರೆ ಎರಡು ಮೂರು ಪಾಸುಗಳಿಗೊಮ್ಮೆ ಮಾತ್ರ ಮಾಡಿ, ಪ್ರತಿ ಸಲದ ಅವಧಿಯನ್ನು ಸೆಕೆಂಡುಗಳಲ್ಲಿ ಬರೆದಿಡಿ, ಮತ್ತು ಕೊನೆಯ ಮರುಕಾಯಿಸುವಿಕೆಯ ನಂತರದ ವಿರೂಪವನ್ನು ವರದಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿ.

ಇನ್ನೊಂದು ಅಪಾಯ ಕೊನೆಯ ಪಾಸಿನಲ್ಲಿದೆ. ಹಾಳೆಯನ್ನು ಸಪಾಟು ಮಾಡಲೆಂದು ಶೇಕಡಾ 5ರಿಂದ 10ರ ಹಗುರ ಪಾಸು ಕೊಟ್ಟು ಅನೀಲ್ ಮಾಡಿದರೆ, ಹೊಸ ಕಣಗಳು ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಹುಟ್ಟಿ ಅಡ್ಡಿಯಿಲ್ಲದೆ ಬೆಳೆಯುತ್ತವೆ. ಲೋಹ ಅದಕ್ಕೂ ಮೊದಲೇ ಪುನಃಸ್ಫಟಿಕಗೊಂಡಿದ್ದಾಗ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಮುಂದೆ ಹಾಳೆಯನ್ನು ಬಾಗಿಸಿದಾಗ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುವುದಕ್ಕೆ ಇಂಥ ದಪ್ಪ ಕಣಗಳೇ ಕಾರಣ.

ಅಂಚುಗಳು ಬಿರಿಯುತ್ತಿದ್ದರೆ ಉಷ್ಣತೆಯನ್ನು ದೂರುವ ಮುನ್ನ ಎರಕದ ರಾಸಾಯನಿಕ ವರದಿ ನೋಡಿ. ಮೆಗ್ನೀಸಿಯಂ ಹೆಚ್ಚಿರುವ ಮಿಶ್ರಲೋಹಗಳಲ್ಲಿ ದಶಲಕ್ಷಕ್ಕೆ ಕೆಲವೇ ಭಾಗಗಳಷ್ಟು ಸೋಡಿಯಂ ಇದ್ದರೂ ಬಿಸಿಯಲ್ಲಿ ಕಣಗಳ ಗಡಿಗಳು ದುರ್ಬಲವಾಗುತ್ತವೆ.

ಹಂತ 6: ಒಂದೇ ಸರಣಿಯಿಂದ ಮೂರು ಮಾದರಿ

ಒಂದೇ ಸರಣಿಯಲ್ಲಿ ಮೂರು ತುಂಡುಗಳನ್ನು ರೋಲ್ ಮಾಡಿ. ಮೊದಲನೆಯದನ್ನು ಕೊನೆಯ ಪಾಸಿನಿಂದ ಹೊರಬರುತ್ತಿದ್ದಂತೆ, ಎರಡು ಮೂರು ಸೆಕೆಂಡುಗಳೊಳಗೆ ನೀರಿಗೆ ಅದ್ದಿ. ಎರಡನೆಯದು ಗಾಳಿಯಲ್ಲಿ ತಾನಾಗಿ ತಣಿಯಲಿ. ಮೂರನೆಯದನ್ನು ಕೊನೆಯ ಪಾಸಿನ ಉಷ್ಣತೆಯಲ್ಲೇ ಇರುವ ಇನ್ನೊಂದು ಕುಲುಮೆಯಲ್ಲಿ 30 ನಿಮಿಷ ಇಟ್ಟು, ಅನಂತರ ನೀರಿಗೆ ಅದ್ದಿ.

ಮೊದಲನೆಯದು ರೋಲುಗಳು ಮಾಡಿದ್ದೇನು ಎಂಬುದನ್ನು ಹೇಳುತ್ತದೆ, ಎರಡನೆಯದು ಕಾಯುವಿಕೆ ಏನು ಮಾಡಿತು ಎಂಬುದನ್ನು, ಮೂರನೆಯದು ಕೂಡಿಟ್ಟ ಶಕ್ತಿಯಿಂದ ಏನಾಗಬಲ್ಲದು ಎಂಬುದನ್ನು. ಈ ಮೂರೂ ಇಲ್ಲದೆ, ಗಾಳಿಯಲ್ಲಿ ತಣಿದ ಒಂದೇ ಮಾದರಿಯನ್ನು ನೋಡಿ "ರೋಲಿಂಗ್ ಉಷ್ಣತೆಯ ಪರಿಣಾಮ" ಎಂದು ಬರೆಯುವುದು ಸರಿಯಲ್ಲ.

ಹಂತ 7: ಕಣಗಳನ್ನು ಕಾಣುವಂತೆ ಮಾಡಿ

ಹಾಳೆಯ ಎರಡು ತುದಿಗಳನ್ನೂ ಅಂಚುಗಳನ್ನೂ ಬಿಟ್ಟು, ಅಗಲದ ನಡುವಿನಿಂದ ಮಾದರಿ ಕತ್ತರಿಸಿ. ರೋಲಿಂಗ್ ದಿಕ್ಕು ಮತ್ತು ದಪ್ಪದ ದಿಕ್ಕು ಎರಡೂ ಕಾಣುವ ಮುಖವನ್ನೇ ಪಾಲಿಷ್ ಮಾಡಬೇಕು. ಮೇಲಿನಿಂದ ನೋಡಿದರೆ ಚಪ್ಪಟೆಯಾದ ಕಣವೂ ದುಂಡಗೆ ಕಾಣಬಹುದು.

5083 ಮಿಶ್ರಲೋಹಕ್ಕೆ ಸಾಮಾನ್ಯ ಆಮ್ಲದ ಎಚ್ಚಿಂಗ್ (ಕಣಗಳ ಗಡಿ ಕಾಣುವಂತೆ ಮೇಲ್ಮೈಯನ್ನು ಆಮ್ಲದಿಂದ ಕೊರೆಯುವುದು) ತೃಪ್ತಿಕರವಾಗಿ ಕೆಲಸ ಮಾಡುವುದಿಲ್ಲ. ಬಾರ್ಕರ್ ದ್ರಾವಣ ಎಂದು ಕರೆಯುವ ದುರ್ಬಲ ಫ್ಲೂರೋಬೋರಿಕ್ ಆಮ್ಲದಲ್ಲಿ (200 ಮಿ.ಲೀ. ನೀರಿಗೆ ಶೇಕಡಾ 48ರ ಆಮ್ಲ 4ರಿಂದ 5 ಮಿ.ಲೀ.) ಮಾದರಿಯನ್ನು ಧನ ಧ್ರುವಕ್ಕೆ ಜೋಡಿಸಿ, ಸುಮಾರು 20 ವೋಲ್ಟ್ ನೇರ ವಿದ್ಯುತ್ತನ್ನು ಒಂದೆರಡು ನಿಮಿಷ ಹರಿಸಿ. ಮೇಲ್ಮೈಯಲ್ಲಿ ಮೂಡುವ ಪದರವನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಪ್ರತಿ ಕಣವೂ ತನ್ನ ದಿಕ್ಕಿಗೆ ತಕ್ಕ ಬಣ್ಣದಲ್ಲಿ ಕಾಣುತ್ತದೆ. ಫ್ಲೋರೈಡ್ ಇರುವ ದ್ರಾವಣ ಚರ್ಮದೊಳಕ್ಕೆ ಇಳಿದು ಹಾನಿ ಮಾಡುತ್ತದೆ, ಗಾಜನ್ನೂ ಕೊರೆಯುತ್ತದೆ. ಪ್ಲಾಸ್ಟಿಕ್ ಪಾತ್ರೆ, ಸೂಕ್ತ ಕೈಗವಸು, ಹೊಗೆ ಹೊರಹಾಕುವ ವ್ಯವಸ್ಥೆ ಮತ್ತು ಫ್ಲೋರೈಡ್ ತಗುಲಿದ ಚರ್ಮಕ್ಕೆ ಹಚ್ಚಲು ಕೈಗೆಟಕುವಂತೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಅಕ್ಕಪಕ್ಕದ ಎರಡು ಕಣಗಳು ಒಂದೇ ಬಣ್ಣದಲ್ಲಿ ಕಂಡರೆ ಅವು ಒಂದೇ ಕಣವೆಂದು ಎಣಿಸಬೇಡಿ. ಸೂಕ್ಷ್ಮದರ್ಶಕದ ವೇದಿಕೆಯನ್ನು ತಿರುಗಿಸಿ ಮತ್ತೊಮ್ಮೆ ನೋಡಿ. ಗೆರೆ ಎಳೆದು ಗಡಿಗಳನ್ನು ಎಣಿಸುವ ವಿಧಾನದಲ್ಲಿ, ರೋಲಿಂಗ್ ದಿಕ್ಕಿನ ಮತ್ತು ದಪ್ಪದ ದಿಕ್ಕಿನ ಸರಾಸರಿಗಳನ್ನು ಬೇರೆ ಬೇರೆಯಾಗಿ, ಕನಿಷ್ಠ ಐದು ಕ್ಷೇತ್ರಗಳಲ್ಲಿ ಅಳೆಯಿರಿ. ಉಪಕಣಗಳನ್ನು ನಂಬಿಕೆಗೆ ಅರ್ಹವಾಗಿ ಅಳೆಯಲು ಮಾತ್ರ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ದಿಕ್ಕುಗಳ ನಕ್ಷೆ ತೆಗೆಯಬೇಕಾಗುತ್ತದೆ. ಅಲ್ಲಿ 15 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿರುವ ಗಡಿಯನ್ನು ಕಣದ ಗಡಿಯೆಂದೂ ಅದಕ್ಕಿಂತ ಕಡಿಮೆಯದನ್ನು ಉಪಕಣದ ಗಡಿಯೆಂದೂ ಗಣಿಸುವುದು ರೂಢಿ.

ಹಂತ 8: ಕಂಡದ್ದನ್ನು ಓದುವುದು

ಮೊದಲ ಮಾದರಿಯಲ್ಲಿ ಚಪ್ಪಟೆ ಕಣಗಳು, ಮೂರನೆಯದರಲ್ಲಿ ದುಂಡು ಕಣಗಳು ಕಂಡರೆ ಎಲ್ಲವೂ ನಿರೀಕ್ಷೆಯಂತೆಯೇ ನಡೆದಿದೆ. ದುಂಡು ಕಣಗಳು ಬೇಕಾದದ್ದಕ್ಕಿಂತ ದೊಡ್ಡದಾಗಿದ್ದರೆ ಕೊನೆಯ ಎರಡು ಮೂರು ಪಾಸುಗಳ ಉಷ್ಣತೆಯನ್ನು ಇಳಿಸಿ, ಇಳಿಕೆಯ ಪ್ರಮಾಣ ಹೆಚ್ಚಿಸಿ. ಮೊದಲ ಮಾದರಿಯಲ್ಲೇ ದುಂಡು ಕಣಗಳಿದ್ದರೆ ನೀರಿಗೆ ಅದ್ದುವುದು ತಡವಾಯಿತೇ, ಪಾಸುಗಳ ನಡುವಿನ ಮರುಕಾಯಿಸುವಿಕೆಯಲ್ಲೇ ಅವು ಹುಟ್ಟಿದವೇ ಎಂದು ಮೊದಲು ಪರಿಶೀಲಿಸಿ.

ಅದರ ಬದಲು "ರೋಲಿಂಗ್ ನಡೆಯುತ್ತಿರುವಾಗಲೇ ಪುನಃಸ್ಫಟಿಕೀಕರಣ ಆಯಿತು" ಎಂದು ಅವಸರದಿಂದ ಬರೆಯುವವರು ಬಹಳ ಮಂದಿ. ಅಲ್ಯೂಮಿನಿಯಂನಲ್ಲಿ ಹಾಗೆ ಕಾಣಿಸುವ ಒಂದು ಸನ್ನಿವೇಶ ಇದೆ. ವಿರೂಪ ವಿಪರೀತವಾದಾಗ ಕಣದ ದಪ್ಪವು ಎರಡು ಉಪಕಣಗಳಷ್ಟಕ್ಕೆ ಇಳಿದು, ಅಂಕುಡೊಂಕಾದ ಎದುರುಬದುರಿನ ಗಡಿಗಳು ಒಂದನ್ನೊಂದು ತಾಗಿ, ಉದ್ದನೆಯ ಕಣ ತುಂಡು ತುಂಡಾಗುತ್ತದೆ. ಆರಂಭದ ಕಣ 150 ಮೈಕ್ರಾನ್, ಉಪಕಣ 5 ಮೈಕ್ರಾನ್ ಎಂದಾದರೆ ದಪ್ಪ 10 ಮೈಕ್ರಾನಿಗೆ ಇಳಿಯಬೇಕು; ಅದಕ್ಕೆ ಬೇಕಾದ ವಿರೂಪ 2.7. ನಮ್ಮ ಏಳು ಪಾಸುಗಳಲ್ಲಿ ದಪ್ಪದ ವಿರೂಪ 1.61 ಮಾತ್ರ. ಲೆಕ್ಕವೇ ಅದನ್ನು ತಳ್ಳಿಹಾಕುತ್ತದೆ.

ಗುರಿ ಯಾವಾಗಲೂ ಸಣ್ಣ ದುಂಡು ಕಣಗಳೇ ಆಗಿರಬೇಕೆಂದಿಲ್ಲ. ವಿಮಾನದ ದಪ್ಪ ಫಲಕಗಳಿಗೆ ಬಳಸುವ 7050 ಮಿಶ್ರಲೋಹದಲ್ಲಿ ಪುನಃಸ್ಫಟಿಕೀಕರಣ ಆಗದಂತೆ ತಡೆಯುವುದೇ ಗುರಿ. ಬಿರುಕು ಬೆಳೆಯುವುದನ್ನು ತಡೆಯುವ ಗಟ್ಟಿತನ ಅದರಿಂದ ಉಳಿಯುತ್ತದೆ. ಅಲ್ಲಿ ಜಿರ್ಕೋನಿಯಂನ ಡಿಸ್ಪರ್ಸಾಯ್ಡ್‌ಗಳು ಗಡಿಗಳನ್ನು ಹಿಡಿದಿಡುತ್ತವೆ, ಕೂಡಿಟ್ಟ ಶಕ್ತಿ ಹೆಚ್ಚಾಗದಂತೆ ಝೆಡ್ ಅನ್ನು ಕಡಿಮೆ ಇಡುತ್ತಾರೆ. ಪಾನೀಯದ ಡಬ್ಬಿಗಳ 3104 ಹಾಳೆಯಲ್ಲಿ ಇದಕ್ಕೆ ತದ್ವಿರುದ್ಧ: ಬಿಸಿ ಸುರುಳಿ ತನ್ನದೇ ಶಾಖದಲ್ಲಿ ಪೂರ್ತಿ ಪುನಃಸ್ಫಟಿಕಗೊಂಡು, ಕಣಗಳ ದಿಕ್ಕುಗಳಲ್ಲಿ ಒಂದು ನಿರ್ದಿಷ್ಟ ಹೊಂದಾಣಿಕೆ ಮೂಡಬೇಕು. ಇಲ್ಲದಿದ್ದರೆ ಹಾಳೆಯನ್ನು ಎಳೆದು ಡಬ್ಬಿ ರೂಪಿಸುವಾಗ ಬಾಯಂಚು ಸಮನಾಗಿರದೆ ಕಿವಿಗಳಂತೆ ಏಳುತ್ತದೆ.

ಯಾವ ಮಿಶ್ರಲೋಹವಾದರೂ ದಪ್ಪದ ಒಂದೇ ಜಾಗದಲ್ಲಿ ಅಳೆದು ನಿಲ್ಲಿಸಬೇಡಿ. ಮೇಲ್ಮೈ ರೋಲಿನಿಂದ ತಣಿದು, ಘರ್ಷಣೆಯಿಂದ ಓರೆಯಾಗಿ ಎಳೆಯಲ್ಪಟ್ಟು ಹೆಚ್ಚು ಶಕ್ತಿ ಕೂಡಿಟ್ಟುಕೊಂಡಿರುತ್ತದೆ; ನಡುಭಾಗ ಬಿಸಿಯಾಗಿದ್ದು ಬರೀ ಚಪ್ಪಟೆಯಾಗಿರುತ್ತದೆ. ಒಂದೇ ಹಾಳೆಯ ಹೊರಪದರದಲ್ಲಿ ಹೊಸ ಕಣಗಳೂ ಒಳಗೆ ಹಳೆಯ ಕಣಗಳೂ ಇರುವುದು ಅಪರೂಪವೇನಲ್ಲ. ಮೇಲ್ಮೈ, ದಪ್ಪದ ಕಾಲು ಭಾಗ, ನಡುಭಾಗ ಈ ಮೂರೂ ಜಾಗಗಳ ಅಳತೆಗಳನ್ನು, ಪ್ರತಿ ಪಾಸಿನ ಅಳೆದ ಉಷ್ಣತೆಯನ್ನು ಮತ್ತು ಕೊನೆಯ ಪಾಸಿನಿಂದ ನೀರು ಮುಟ್ಟುವವರೆಗಿನ ಸೆಕೆಂಡುಗಳನ್ನು ಒಂದೇ ಕೋಷ್ಟಕದಲ್ಲಿ ಬರೆಯಿರಿ.